ಎರಡೆಂಟ್ಲ ಹದಿನಾಲ್ಕು

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಗೆ ಸಹವೇಲೆನ್ಸೀಯ ಬಂಧದ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಎರಡು ಕ್ಲೋರಿನ್ ಪರಮಾಣುಗಳನ್ನು ಬರೆದು, ಒಂದೊಂದರ ಸುತ್ತಲೂ ಅದರ ಹೊರಕವಚದ ಎಲೆಕ್ಟ್ರಾನ್‌ಗಳ ಗುರುತಾಗಿ ಏಳೇಳು ಚುಕ್ಕಿಗಳನ್ನಿಟ್ಟು, ನಡುವಿನ ಜೋಡಿಯನ್ನು ತೋರಿಸಿ, ‘ಈ ಎರಡು ಎಲೆಕ್ಟ್ರಾನ್‌ಗಳನ್ನು ಪರಮಾಣುಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಎರಡಕ್ಕೂ ಎಂಟೆಂಟು ಆಯಿತು’ ಎಂದು ಹೇಳಿ ಮುಂದಿನ ಉದಾಹರಣೆಗೆ ಹೊರಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸರ್, ಎರಡನ್ನ ಇಬ್ಬರು ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ಒಂದೊಂದು ಬರುತ್ತೆ. ಅದು ಮೊದಲೇ ಇತ್ತಲ್ಲ ಸರ್. ಎಂಟು ಹೆಂಗಾಯ್ತು?’

ತರಗತಿ ನಕ್ಕಿತು. ನಾನೂ ನಗುವವನಿದ್ದೆ. ಆದರೆ ಹಲಗೆಯ ಕಡೆಗೆ ತಿರುಗಿ ನೋಡಿದಾಗ ಅವನ ಲೆಕ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಏಳು ಇದ್ದವನು ಒಂದನ್ನು ನಡುವೆ ಇಟ್ಟು, ಹಂಚಿಕೆಯಲ್ಲಿ ಒಂದನ್ನೇ ವಾಪಸು ಪಡೆದರೆ ಕೈಯಲ್ಲಿ ಉಳಿಯುವುದು ಏಳೇ. ಅಷ್ಟಕ, ಅಂದರೆ ಹೊರಕವಚಕ್ಕೆ ಬೇಕಾದ ಎಂಟು, ತುಂಬುವುದಿಲ್ಲ, ಬಂಧಕ್ಕೆ ಕಾರಣವೂ ಇರುವುದಿಲ್ಲ. ತೊಡಕು ಇದ್ದದ್ದು ಗಣಿತದಲ್ಲಲ್ಲ, ನಾನು ಬಳಸಿದ ಕ್ರಿಯಾಪದದಲ್ಲಿ. ‘ಹಂಚಿಕೊಳ್ಳುವುದು’ ಎಂಬ ಮಾತಿಗೆ ನಮ್ಮಲ್ಲಿ ಎರಡು ಮುಖಗಳಿವೆ. ಸುಖದುಃಖ ಹಂಚಿಕೊಂಡರು ಎನ್ನುವಾಗ ಒಂದೇ ವಸ್ತು ಇಬ್ಬರದೂ ಆಗುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು ಎನ್ನುವಾಗ ನಡುವೆ ಬದು ಬೀಳುತ್ತದೆ. ಹೊಲಮನೆಯ ವ್ಯವಹಾರ ಕೇಳಿಕೊಂಡು ಬೆಳೆದ ಹದಿನೈದು ವರ್ಷದ ಹುಡುಗನ ಕಿವಿಗೆ ಮೊದಲು ಬೀಳುವುದು ಎರಡನೆಯ ಅರ್ಥವೇ. ಅವನು ಎರಡು ಎಲೆಕ್ಟ್ರಾನ್‌ಗಳ ನಡುವೆ ಬದು ಹಾಕಿದ್ದ.

ನಾನು ಹೈಸ್ಕೂಲಿನಲ್ಲಿದ್ದಾಗ ಈ ಪ್ರಶ್ನೆ ನನಗೇಕೆ ಬರಲಿಲ್ಲ ಎಂದು ಆಮೇಲೆ ಯೋಚಿಸಿದೆ. ಉತ್ತರ ಹೆಮ್ಮೆಯದಲ್ಲ: ನಾನು ಚಿತ್ರಗಳನ್ನು ಬಾಯಿಪಾಠ ಮಾಡಿದ್ದೆ. ಕ್ಲೋರಿನ್ನಿಗೆ ಒಂದು ಜೋಡಿ, ಆಕ್ಸಿಜನ್ನಿಗೆ ಎರಡು, ನೈಟ್ರೋಜನ್ನಿಗೆ ಮೂರು ಎಂದು ಕಣ್ಣಿಗೆ ರೂಢಿಯಾಗಿತ್ತು. ಕೈ ಅದನ್ನೇ ಬರೆಯುತ್ತಿತ್ತು. ಪಿಯುಸಿಗೆ ಬಂದಾಗ ಪಾಠ ಇಂಗ್ಲಿಷಿಗೆ ಬದಲಾಯಿತು, ‘ಶೇರಿಂಗ್’ ಎಂಬ ಪದ ಸಿಕ್ಕಿತು, ಅದಕ್ಕೂ ಅರ್ಥ ಕೇಳದೆ ಒಪ್ಪಿಕೊಂಡೆ. ಆ ಹುಡುಗ ಒಪ್ಪಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

ಮರುದಿನ ಅವನಿಗೆ ಅವನ ಭಾಷೆಯಲ್ಲೇ ಉತ್ತರ ಹೇಳಲು ನೋಡಿದೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲುಪಟ್ಟಿಯಲ್ಲಿ ಹೊಲವನ್ನು ಎಕರೆ, ಗುಂಟೆ ಲೆಕ್ಕದಲ್ಲಿ ಭಾಗ ಮಾಡುತ್ತಾರೆ, ಆದರೆ ಬಾವಿಯನ್ನು ಭಾಗ ಮಾಡಲು ಬರುವುದಿಲ್ಲವಾದ್ದರಿಂದ ಅದನ್ನು ಜಂಟಿಯಾಗಿಯೇ ಬಿಡುತ್ತಾರೆ. ಆಮೇಲೆ ಅಣ್ಣನನ್ನು ‘ನಿಮ್ಮಲ್ಲಿ ಬಾವಿ ಇದೆಯೇ’ ಎಂದು ಕೇಳಿದರೆ ಇದೆ ಎನ್ನುತ್ತಾನೆ. ತಮ್ಮನನ್ನು ಕೇಳಿದರೂ ಇದೆ ಎನ್ನುತ್ತಾನೆ. ಅರ್ಧ ಬಾವಿ ಇದೆ ಎಂದು ಯಾರೂ ಹೇಳುವುದಿಲ್ಲ. ಇಬ್ಬರ ಉತ್ತರಗಳನ್ನು ಕೂಡಿಸಿದರೆ ಎರಡು ಬಾವಿ, ನೆಲದ ಮೇಲೆ ಇರುವುದು ಒಂದು. ಕ್ಲೋರಿನ್ ಅಣುವಿನ ನಡುವಿನ ಜೋಡಿ ಆ ಬಾವಿಯ ಹಾಗೆ. ಅದು ಎಡಗಡೆಯ ಪರಮಾಣುವಿನ ಹೊರಕವಚಕ್ಕೂ ಪೂರ್ತಿಯಾಗಿ ಸೇರುತ್ತದೆ, ಬಲಗಡೆಯದಕ್ಕೂ ಪೂರ್ತಿಯಾಗಿ ಸೇರುತ್ತದೆ. ಎಡಕ್ಕೆ ಎಂಟು, ಬಲಕ್ಕೆ ಎಂಟು. ಮಗ್ಗಿಯ ಪ್ರಕಾರ ಎರಡೆಂಟ್ಲ ಹದಿನಾರು. ಆದರೆ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದರೆ ಹದಿನಾಲ್ಕೇ. ಹುಡುಗ ತಾನೇ ಬಂದು ಸೀಮೆಸುಣ್ಣದ ತುದಿಯಿಂದ ಕುಟ್ಟುತ್ತ ಎಣಿಸಿದ, ಎರಡು ಸಲ.

ಈ ಎರಡರ ಕೊರತೆಯನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಗಮನಿಸಿದ ಮೇಲೆ ಚುಕ್ಕಿ ರಚನೆಯನ್ನು ಕಲಿಸುವ ನನ್ನ ಕ್ರಮವೇ ಬದಲಾಯಿತು. ಎಲ್ಲ ಪರಮಾಣುಗಳಿಗೂ ಅಷ್ಟಕ ತುಂಬಲು ಎಷ್ಟು ಬೇಕು ಎಂದು ಕೂಡಿಸಬೇಕು. ಹೊರಕವಚಗಳಲ್ಲಿ ನಿಜವಾಗಿ ಎಷ್ಟಿವೆ ಎಂದು ಕೂಡಿಸಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಜಂಟಿ ಖಾತೆಗೆ ಹೋಗಬೇಕಾದ ಎಲೆಕ್ಟ್ರಾನ್‌ಗಳ ಸಂಖ್ಯೆ, ಅದರ ಅರ್ಧ ಬಂಧಗಳ ಸಂಖ್ಯೆ. ಕ್ಲೋರಿನ್ನಿಗೆ 16ರಲ್ಲಿ 14 ಕಳೆದರೆ 2, ಒಂದು ಬಂಧ. ನೈಟ್ರೋಜನ್ನಿಗೆ 16ರಲ್ಲಿ 10 ಕಳೆದರೆ 6, ಮೂರು ಬಂಧ. ಹೈಡ್ರೋಜನ್ನಿಗೆ ಎಂಟರ ಬದಲು ಎರಡು ಸಾಕು ಎಂಬುದನ್ನು ನೆನಪಿಟ್ಟರೆ ನೀರಿಗೆ 12ರಲ್ಲಿ 8 ಕಳೆದು 4, ಅಂದರೆ ಎರಡು ಬಂಧ. ಈ ಸೂತ್ರ ಹೊಸದೇನಲ್ಲ, ಕಾಲೇಜಿನ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಆದರೆ ಅದನ್ನು ಸೂತ್ರವಾಗಿ ಕೊಟ್ಟರೆ ಮಕ್ಕಳು ಇನ್ನೊಂದು ಬಾಯಿಪಾಠ ಮಾಡುತ್ತಾರೆ. ಎರಡು ಸಲ ಎಣಿಸಿದ ಬಾವಿಗಳ ಲೆಕ್ಕವಾಗಿ ಕೊಟ್ಟರೆ ತಾವೇ ಕಂಡುಕೊಳ್ಳುತ್ತಾರೆ.

ಕಾರ್ಬನ್ ಡೈಆಕ್ಸೈಡನ್ನು ಮಕ್ಕಳು ಬರೆಯುವುದನ್ನು ಹತ್ತಿರ ನಿಂತು ನೋಡಬೇಕು. ಬಹುಪಾಲು ಮಂದಿ ಮೊದಲು ನಡುವೆ ಕಾರ್ಬನ್ ಬರೆದು, ಆಚೀಚೆ ಆಕ್ಸಿಜನ್ ಬರೆದು, ಎರಡೂ ಕಡೆ ಒಂದೊಂದು ಜೋಡಿ ಇಡುತ್ತಾರೆ. ಇರುವುದು 4, 6, 6 ಸೇರಿ 16; ನಾಲ್ಕು ಖರ್ಚಾಯಿತು, ಹನ್ನೆರಡು ಉಳಿಯಿತು. ಆ ಹನ್ನೆರಡನ್ನು ಧಾರಾಳವಾಗಿ ಆಕ್ಸಿಜನ್‌ಗಳ ಸುತ್ತ ಆರಾರು ಸುರಿದುಬಿಡುತ್ತಾರೆ. ಆಕ್ಸಿಜನ್‌ಗಳಿಗೆ ಎಂಟೆಂಟು ತುಂಬಿತು, ಮುಖದಲ್ಲಿ ಸಮಾಧಾನ ಬಂತು, ಕಾರ್ಬನ್ ಮಾತ್ರ ನಾಲ್ಕರಲ್ಲೇ ನಿಂತಿರುತ್ತದೆ. ಇಲ್ಲಿ ಜಾಣರಾದ ಕೆಲವರು ಕಾರ್ಬನ್ನಿನ ಮೇಲೆ ಕೆಳಗೆ ಎರಡೆರಡು ಹೊಸ ಚುಕ್ಕಿಗಳನ್ನಿಟ್ಟು ಎಂಟು ಮಾಡುತ್ತಾರೆ. ಚಿತ್ರ ನೋಡಲು ಚೆನ್ನಾಗಿರುತ್ತದೆ, ಆದರೆ ಚುಕ್ಕಿಗಳು ಇಪ್ಪತ್ತಾಗಿರುತ್ತವೆ. ನಾಲ್ಕು ಎಲೆಕ್ಟ್ರಾನ್‌ಗಳು ಎಲ್ಲಿಂದಲೋ ಬಂದಿರುತ್ತವೆ. ‘ಈ ನಾಲ್ಕನ್ನು ಯಾವ ಅಂಗಡಿಯಿಂದ ತಂದೆ?’ ಎಂದು ಕೇಳಿದರೆ ಅಳಿಸುತ್ತಾರೆ. ಅಳಿಸಿದ ಮೇಲೆ ಪೆನ್ಸಿಲ್ ಕಚ್ಚಿಕೊಂಡು ಕೂರುವ ಎರಡು ನಿಮಿಷ ಇದೆಯಲ್ಲ, ಕಲಿಕೆ ನಡೆಯುವುದು ಅಲ್ಲಿಯೇ ಎಂದು ನನ್ನ ಅನುಭವ. ಹೊಸ ಚುಕ್ಕಿ ತರುವ ಹಾಗಿಲ್ಲ, ಇರುವುದನ್ನು ಬಿಡುವ ಹಾಗಿಲ್ಲ, ಕಾರ್ಬನ್ನಿಗೆ ಇನ್ನೂ ನಾಲ್ಕು ಬೇಕು. ಆಕ್ಸಿಜನ್ನಿನ ಸುತ್ತ ಸುಮ್ಮನೆ ಕುಳಿತ ಜೋಡಿಗಳಲ್ಲಿ ಒಂದೊಂದನ್ನು ನಡುವಿಗೆ ಸರಿಸಿದರೆ ಆಕ್ಸಿಜನ್ನಿಗೆ ನಷ್ಟವಿಲ್ಲ, ಕಾರ್ಬನ್ನಿಗೆ ಲಾಭ. ದ್ವಿಬಂಧ ಎಂಬುದು ಈ ಇಕ್ಕಟ್ಟಿನಿಂದ ಹೊರಬರಲು ಉಳಿದಿರುವ ಒಂದೇ ದಾರಿ ಎಂದು ಆಗ ಕೈಗೆ ತಿಳಿಯುತ್ತದೆ.

ಹಾಗೆಯೇ ಗಂಧಕ. ಎಂಟು ಪರಮಾಣುಗಳಿರುವ ಗಂಧಕದ ಅಣುವಿನ ಚುಕ್ಕಿ ರಚನೆ ಬರೆಯಿರಿ ಎಂಬ ಪ್ರಶ್ನೆ ಪಠ್ಯಪುಸ್ತಕದಲ್ಲಿದೆ, ಪರಮಾಣುಗಳು ಉಂಗುರದ ಆಕಾರದಲ್ಲಿವೆ ಎಂಬ ಸುಳಿವನ್ನೂ ಅಲ್ಲಿಯೇ ಕೊಟ್ಟಿದ್ದಾರೆ. ಆ ಸುಳಿವನ್ನು ಕೊಡಬಾರದಿತ್ತು ಎಂಬುದು ನನ್ನ ತಕರಾರು. ಎಂಟು ಪರಮಾಣುಗಳಿಗೆ ಬೇಕಾದದ್ದು 64, ಇರುವುದು 48, ವ್ಯತ್ಯಾಸ 16, ಅಂದರೆ ಎಂಟು ಬಂಧಗಳು. ಎಂಟು ಮಂದಿ ಸಾಲಾಗಿ ಕೈ ಹಿಡಿದು ನಿಂತರೆ ಏಳು ಕಡೆ ಮಾತ್ರ ಕೈ ಕೂಡುತ್ತದೆ. ಎಂಟನೆಯದು ಕೂಡಬೇಕಾದರೆ ಮೊದಲನೆಯವನೂ ಕೊನೆಯವನೂ ಕೈ ಹಿಡಿಯಬೇಕು. ಸಾಲಿನಲ್ಲೇ ಎಲ್ಲೋ ಒಂದು ದ್ವಿಬಂಧ ಹಾಕಿದರೂ ಲೆಕ್ಕ ಸರಿಹೋಗುತ್ತದಲ್ಲ ಎಂದು ಒಬ್ಬಳು ಕೇಳಿದ್ದಳು. ಹೌದು, ಕೂಡುವ ಕಳೆಯುವ ಲೆಕ್ಕ ಅದನ್ನು ತಡೆಯುವುದಿಲ್ಲ, ಗಂಧಕಕ್ಕೆ ಉಂಗುರವೇ ಒಗ್ಗುತ್ತದೆ ಎಂಬುದು ಪ್ರಯೋಗದಿಂದ ಬಂದ ತಿಳಿವಳಿಕೆ. ಆದರೂ ಶಾಲೆಯ ಅಂಗಳದಲ್ಲಿ ಎಂಟು ಮಕ್ಕಳನ್ನು ನಿಲ್ಲಿಸಿ ಈ ಲೆಕ್ಕ ಮಾಡಿದಾಗ, ಹಳದಿ ಪುಡಿಯೊಳಗೆ ಉಂಗುರಗಳಿರಬೇಕು ಎಂದು ಬರೀ ಎಣಿಕೆಯಿಂದ ಊಹಿಸುವ ಖುಷಿ ಅವರಿಗೆ ಸಿಕ್ಕಿತು. ನಿಜವಾದ ಉಂಗುರ ಚಪ್ಪಟೆಯಾಗಿಲ್ಲ, ಕಿರೀಟದ ಹಾಗೆ ಏರಿಳಿಯುತ್ತದೆ. ಅದನ್ನು ಚುಕ್ಕಿಗಳು ಹೇಳುವುದಿಲ್ಲ.

ಚುಕ್ಕಿ ಎಂದ ಕೂಡಲೇ ರಂಗೋಲಿಯ ಹೋಲಿಕೆ ನೆನಪಾಗುವುದು ಸಹಜ, ನಾನೂ ಮೊದಮೊದಲು ಅದನ್ನು ಬಳಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ರಂಗೋಲಿಯಲ್ಲಿ ಚುಕ್ಕಿ ಇರುವುದು ಎಳೆಗೆ ಜಾಗ ತೋರಿಸಲು. ಇಲ್ಲಿ ಚುಕ್ಕಿಯೇ ಸರಕು, ಅದು ಇರುವ ಜಾಗಕ್ಕೆ ಬೆಲೆಯಿಲ್ಲ.

ಪುಸ್ತಕಗಳಲ್ಲಿ ಒಂದು ಪರಮಾಣುವಿನ ಎಲೆಕ್ಟ್ರಾನ್‌ಗಳನ್ನು ಚುಕ್ಕಿಯಿಂದಲೂ ಇನ್ನೊಂದರವನ್ನು ಗುಣಾಕಾರದ ಗುರುತಿನಿಂದಲೂ ತೋರಿಸುವ ರೂಢಿಯಿದೆ. ಲೆಕ್ಕ ತಪ್ಪದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೇಲೆ ಹೇಳಿದ ‘ಅಂಗಡಿಯಿಂದ ತಂದ’ ನಾಲ್ಕು ಎಲೆಕ್ಟ್ರಾನ್‌ಗಳು ಈ ಕ್ರಮದಲ್ಲಿ ಕೂಡಲೇ ಸಿಕ್ಕಿಬೀಳುತ್ತವೆ. ಆದರೆ ಇದೇ ಗುರುತು ಮಕ್ಕಳ ತಲೆಯಲ್ಲಿ ಒಡೆತನದ ಭಾವನೆಯನ್ನು ಬಿತ್ತುತ್ತದೆ. ಅಮೋನಿಯಂ ಅಯಾನಿನ (ಅಯಾನು ಎಂದರೆ ಆವೇಶವಿರುವ ಕಣ) ಚಿತ್ರ ಬರೆಸಿದಾಗ ಇದು ಬಯಲಿಗೆ ಬಂತು. ಅಮೋನಿಯಾದಲ್ಲಿ ನೈಟ್ರೋಜನ್ನಿನ ಐದರಲ್ಲಿ ಮೂರು, ಮೂರು ಹೈಡ್ರೋಜನ್‌ಗಳ ಜೊತೆ ಜೋಡಿಯಾಗುತ್ತವೆ, ಎರಡು ಒಂಟಿ ಜೋಡಿಯಾಗಿ ಉಳಿಯುತ್ತವೆ. ಎಲೆಕ್ಟ್ರಾನನ್ನೇ ಕಳೆದುಕೊಂಡ ಹೈಡ್ರೋಜನ್ ಅಯಾನು ಬಂದು ಆ ಒಂಟಿ ಜೋಡಿಗೆ ಅಂಟಿಕೊಂಡರೆ ಅಮೋನಿಯಂ. ನೈಟ್ರೋಜನ್ನಿನವಕ್ಕೆ ಗುಣಾಕಾರದ ಗುರುತು ಹಾಕಿ ಬರೆದರೆ ಮೂರು ಬಂಧಗಳಲ್ಲಿ ಒಂದು ಚುಕ್ಕಿ, ಒಂದು ಗುಣಾಕಾರ. ನಾಲ್ಕನೆಯದರಲ್ಲಿ ಎರಡೂ ಗುಣಾಕಾರ. ಚಿತ್ರವನ್ನು ಅಚ್ಚುಕಟ್ಟಾಗಿ ಬರೆದಿದ್ದ ಹುಡುಗಿ ಕೇಳಿದಳು: ‘ಈ ನಾಲ್ಕನೆಯ ಬಂಧ ಬೇರೆ ಥರ ಇರುತ್ತಾ ಸರ್?’

ಇರುವುದಿಲ್ಲ. ನಾಲ್ಕೂ ಬಂಧಗಳ ಉದ್ದ ಒಂದೇ, ಬಲ ಒಂದೇ, ಕೊನೆಗೆ ಬಂದ ಹೈಡ್ರೋಜನ್ ಯಾವುದೆಂದು ಗುರುತಿಸಲು ಯಾವ ಉಪಾಯವೂ ಇಲ್ಲ. ಗೊಬ್ಬರದ ಅಂಗಡಿಯ ಅಮೋನಿಯಂ ಸಲ್ಫೇಟಿನ ಒಂದು ಹರಳಿನಲ್ಲಿ ಇಂಥ ಅಯಾನುಗಳು ಲೆಕ್ಕವಿಲ್ಲದಷ್ಟಿವೆ, ಒಂದರಲ್ಲೂ ‘ನಾಲ್ಕನೆಯದು’ ಇಲ್ಲ. ಚಿತ್ರ ತೋರಿಸುತ್ತಿದ್ದುದು ಅಯಾನನ್ನಲ್ಲ, ನಾವು ಅದನ್ನು ಕಟ್ಟಿದ ಕ್ರಮವನ್ನು.

ಇಲ್ಲಿಯೇ ಹಿಂದಿನ ಬೆಂಚಿನ ಹುಡುಗನ ಲೆಕ್ಕ ನನಗೆ ಮತ್ತೆ ಬೇಕಾಯಿತು. ಈ ಅಯಾನಿನ ಮೇಲಿರುವ ಒಂದು ಧನ ಆವೇಶವನ್ನು ಯಾವ ಪರಮಾಣುವಿನ ಹೆಸರಿಗೆ ಬರೆಯಬೇಕು ಎಂದು ತಿಳಿಯಲು ರಸಾಯನಶಾಸ್ತ್ರಜ್ಞರು ಮಾಡುವುದೇನೆಂದರೆ, ಪ್ರತಿ ಜೋಡಿಯ ನಡುವೆಯೂ ಬದು ಹಾಕಿ ಒಂದನ್ನು ಇತ್ತ, ಒಂದನ್ನು ಅತ್ತ ಕೊಡುವುದು. ನೈಟ್ರೋಜನ್ನಿಗೆ ನಾಲ್ಕು ಬಂಧಗಳಿಂದ ನಾಲ್ಕು ಬಂತು, ತವರಿನಿಂದ ತಂದದ್ದು ಐದು, ಒಂದು ಕಡಿಮೆ. ಆದ್ದರಿಂದ ಆವೇಶ ಅದರ ಹೆಸರಿಗೆ. ಇದನ್ನು ಫಾರ್ಮಲ್ ಚಾರ್ಜ್ ಎಂದು ಪಿಯುಸಿಯಲ್ಲಿ ಕಲಿಸುತ್ತಾರೆ. ಅಂದರೆ ಹಂಚಿಕೊಳ್ಳುವುದರ ಎರಡೂ ಅರ್ಥಗಳು ರಸಾಯನಶಾಸ್ತ್ರದಲ್ಲಿ ಚಾಲ್ತಿಯಲ್ಲಿವೆ: ಅಷ್ಟಕ ಎಣಿಸುವಾಗ ಬಾವಿಯ ಲೆಕ್ಕ, ಆವೇಶ ಎಣಿಸುವಾಗ ಹೊಲದ ಲೆಕ್ಕ. ಆ ಹುಡುಗ ಪಿಯುಸಿಗೆ ಮುಂಚೆಯೇ ಎರಡನೆಯ ಲೆಕ್ಕ ಮಾಡಿದ್ದ, ಮೊದಲನೆಯ ಪ್ರಶ್ನೆಗೆ ಮಾಡಿದ್ದ.

ಈ ಚುಕ್ಕಿಗಳನ್ನು ಮೊದಲು ಇಟ್ಟವರು ಅಮೆರಿಕದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ಅವರಿಗೂ ವಿಷಯ ಹೊಳೆದದ್ದು ಪಾಠ ಹೇಳುವ ಅಗತ್ಯದಿಂದ ಎಂಬುದು ಮೇಷ್ಟರಾದ ನನಗೆ ಇಷ್ಟವಾದ ಸಂಗತಿ. 1902ರಲ್ಲಿ, ಎಲೆಕ್ಟ್ರಾನ್ ಕಂಡುಹಿಡಿದು ಐದೇ ವರ್ಷವಾಗಿದ್ದಾಗ, ವಿದ್ಯಾರ್ಥಿಗಳಿಗೆ ವೇಲೆನ್ಸಿಯ, ಅಂದರೆ ಪರಮಾಣುಗಳು ಕೂಡುವ ಸಾಮರ್ಥ್ಯದ, ನಿಯಮಗಳನ್ನು ವಿವರಿಸಲು ಅವರು ಪರಮಾಣುವನ್ನು ಒಂದು ಘನದ ಹಾಗೆ ಬಿಡಿಸಿ, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕೂರಿಸಿದರು. ಅದು ಲೇಖನವಾಗಿ ಅಚ್ಚಾಗಲು 1916 ಬರಬೇಕಾಯಿತು. ಅಷ್ಟರಲ್ಲಿ ಅವರು ಬರ್ಕ್ಲಿಯಲ್ಲಿದ್ದರು. ಎರಡು ಘನಗಳು ಒಂದು ಅಂಚಿನಲ್ಲಿ ಕೂಡಿದರೆ ಆ ಅಂಚಿನ ಎರಡು ಮೂಲೆಗಳು ಎರಡೂ ಘನಗಳಿಗೆ ಸೇರುತ್ತವೆ, ಅದು ಏಕಬಂಧ. ಒಂದು ಮುಖದಲ್ಲಿ ಕೂಡಿದರೆ ನಾಲ್ಕು ಮೂಲೆಗಳು, ಅದು ದ್ವಿಬಂಧ. ಒಂದೇ ಗೋಡೆಯನ್ನು ಎರಡು ಮನೆಗಳು ತಮ್ಮ ಗೋಡೆ ಎನ್ನುವ ಹಾಗೆ. ಆದರೆ ಮೂರು ಜೋಡಿಗಳನ್ನು ಜಂಟಿ ಮಾಡುವಂತೆ ಎರಡು ಘನಗಳನ್ನು ಇಡುವುದು ಸಾಧ್ಯವಿಲ್ಲ. ನಾವು ಉಸಿರಾಡುವ ಗಾಳಿಯ ಬಹುಪಾಲು ನೈಟ್ರೋಜನ್, ಅದರ ತ್ರಿಬಂಧವನ್ನೇ ತೋರಿಸಲಾಗದ ಮಾದರಿ ಎಷ್ಟು ದಿನ ಬಾಳೀತು? ಲೂಯಿಸ್ ಅದೇ ಲೇಖನದಲ್ಲಿ ಎಂಟು ಮೂಲೆಗಳನ್ನು ಬಿಟ್ಟು ನಾಲ್ಕು ಜೋಡಿಗಳ ಕಡೆಗೆ ಸರಿದರು. ಘನ ಹೋಯಿತು, ಜೋಡಿ ಚುಕ್ಕಿ ಉಳಿಯಿತು. ನಾವು ಸಹವೇಲೆನ್ಸಿ ಎನ್ನುವ ‘ಕೋವೇಲೆನ್ಸ್’ ಎಂಬ ಹೆಸರು ಅವರದಲ್ಲ, 1919ರಲ್ಲಿ ಅಮೆರಿಕದ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಅರ್ವಿಂಗ್ ಲಾಂಗ್‌ಮ್ಯೂರ್ ಇಟ್ಟದ್ದು.

ಲೂಯಿಸ್ ಬರೆದ ರಚನೆಗಳಲ್ಲಿ ಗುಣಾಕಾರದ ಗುರುತುಗಳಿಲ್ಲ, ಎಲ್ಲವೂ ಒಂದೇ ಬಗೆಯ ಚುಕ್ಕಿಗಳು. ಒಂದು ಎಲೆಕ್ಟ್ರಾನ್ ಎರಡು ಪರಮಾಣುಗಳ ಕವಚಕ್ಕೂ ಸೇರಬಹುದು, ಅದು ಇಂಥದ್ದಕ್ಕೇ ಸೇರಿದ್ದು ಎಂದು ಹೇಳಲಾಗದು ಎಂಬ ಅರ್ಥದ ಮಾತನ್ನು ಅವರು ಆ ಲೇಖನದಲ್ಲೇ ಆಡಿದ್ದಾರೆ. ಆದರೆ ಋಣ ಆವೇಶದ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳುವ ಬದಲು ಜೋಡಿಯಾಗುವುದೇಕೆ ಎಂಬುದಕ್ಕೆ ಅಂದು ಉತ್ತರವಿರಲಿಲ್ಲ. ಅದಕ್ಕೆ ಮೊದಲ ಉತ್ತರ ಬಂದದ್ದು 1927ರಲ್ಲಿ, ಜ್ಯೂರಿಕ್‌ನಲ್ಲಿದ್ದ ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಎಂಬ ಇಬ್ಬರು ತರುಣರಿಂದ. ಅವರು ಹೊಸದಾಗಿ ಬಂದಿದ್ದ ಕ್ವಾಂಟಂ ಸಿದ್ಧಾಂತವನ್ನು ಹೈಡ್ರೋಜನ್ ಅಣುವಿಗೆ ಅನ್ವಯಿಸಿದರು.

ಆ ಲೆಕ್ಕದ ಒಳಗಿನ ಒಂದು ಸಂಗತಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದನೆಯ ಎಲೆಕ್ಟ್ರಾನ್ ಎಡಗಡೆಯ ನ್ಯೂಕ್ಲಿಯಸ್ಸಿನದು, ಎರಡನೆಯದು ಬಲಗಡೆಯದು ಎಂದು ಗುರುತು ಹಾಕಿ, ಅಂದರೆ ಒಂದಕ್ಕೆ ಚುಕ್ಕಿ ಇನ್ನೊಂದಕ್ಕೆ ಗುಣಾಕಾರ ಇಟ್ಟು ಲೆಕ್ಕ ಮಾಡಿದರೆ, ಬಂಧದ ಶಕ್ತಿ, ಅಂದರೆ ಅದನ್ನು ಮುರಿಯಲು ಬೇಕಾದ ಶಕ್ತಿ, ಒಂದು ಮೋಲಿಗೆ ಸುಮಾರು 24 ಕಿಲೋಜೌಲ್ ಬರುತ್ತದೆ. ಬಂಧ ಎಂದು ಕರೆಯಲು ಸಂಕೋಚವಾಗುವಷ್ಟು ಕಡಿಮೆ. ಅದರ ಜೊತೆಗೆ ಅದಲುಬದಲಾದ ಸಾಧ್ಯತೆಯನ್ನೂ, ಅಂದರೆ ಒಂದನೆಯದು ಬಲಕ್ಕೆ, ಎರಡನೆಯದು ಎಡಕ್ಕೆ ಎಂಬುದನ್ನೂ ಸಮ ಪ್ರಮಾಣದಲ್ಲಿ ಸೇರಿಸಿದರೆ, ಅಂದರೆ ಯಾವುದು ಯಾರದೆಂದು ಹೇಳುವುದನ್ನೇ ಬಿಟ್ಟುಬಿಟ್ಟರೆ, ಅದೇ ಲೆಕ್ಕ ಸುಮಾರು 303 ಕಿಲೋಜೌಲ್ ಕೊಡುತ್ತದೆ. ಪ್ರಯೋಗದ ಬೆಲೆ ಸುಮಾರು 458. (ಪಟ್ಟಿಗಳಲ್ಲಿ ಕಾಣುವ 436 ಅಣುವಿನ ಸಹಜ ಕಂಪನವನ್ನೂ ಕೋಣೆಯ ತಾಪವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಸಂಖ್ಯೆ, ಗೊಂದಲ ಬೇಡ.) ಉಳಿದ ಅಂತರವನ್ನು ಆಮೇಲಿನವರು ಬೇರೆ ಸುಧಾರಣೆಗಳಿಂದ ತುಂಬಿದರು. ಆದರೆ 24ರಿಂದ 303ಕ್ಕೆ ಹಾರಿದ ಆ ನೆಗೆತಕ್ಕೆ ಬೇಕಾದದ್ದು ಗುರುತು ಅಳಿಸುವುದೊಂದೇ.

ಎಲ್ಲ ಕಡೆಯೂ ಚುಕ್ಕಿ ಗೆಲ್ಲುತ್ತದೆ ಎಂದೇನಿಲ್ಲ. ನೈಟ್ರಿಕ್ ಆಕ್ಸೈಡಿನ ಹೊರಕವಚಗಳಲ್ಲಿ ಹನ್ನೊಂದು ಎಲೆಕ್ಟ್ರಾನ್‌ಗಳಿವೆ, ಎಷ್ಟು ಪ್ರಯತ್ನಿಸಿದರೂ ಒಂದು ಒಂಟಿಯೇ. ಗಂಧಕದ ಹೆಕ್ಸಾಫ್ಲೋರೈಡಿನಲ್ಲಿ ನಡುವಿನ ಪರಮಾಣುವಿನ ಸುತ್ತ ಹನ್ನೆರಡು ಎಣಿಸಬೇಕಾಗುತ್ತದೆ. ಆಕ್ಸಿಜನ್ನಿನದು ಇನ್ನೂ ಮುಜುಗರ: ಚುಕ್ಕಿಗಳ ಪ್ರಕಾರ ಎಲ್ಲವೂ ಜೋಡಿಯಾಗಿ, ದ್ವಿಬಂಧವಾಗಿ ಅಂದವಾಗಿ ಕೂರುತ್ತವೆ, ಆದರೆ ಮೈನಸ್ 183 ಡಿಗ್ರಿಗೆ ತಣಿಸಿದ ದ್ರವ ಆಕ್ಸಿಜನ್ನನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಅಲ್ಲೇ ನೇತಾಡಿಕೊಂಡು ನಿಲ್ಲುತ್ತದೆ. ಅಯಸ್ಕಾಂತ ಹೀಗೆ ಸೆಳೆಯುವುದು ಒಂಟಿ ಎಲೆಕ್ಟ್ರಾನ್‌ಗಳಿರುವ ವಸ್ತುವನ್ನು, ಹಾಗಾಗಿ ಒಳಗೆ ಎರಡು ಎಲೆಕ್ಟ್ರಾನ್‌ಗಳು ಒಂಟಿಯಾಗಿವೆ ಎಂಬುದಕ್ಕೆ ಅದು ಸಾಕ್ಷಿ. ಹತ್ತನೆಯ ತರಗತಿಯಲ್ಲಿ ನಾನು ಈ ವೀಡಿಯೊ ತೋರಿಸುತ್ತೇನೆ, ವಿವರಣೆ ಕೊಡುವುದಿಲ್ಲ. ಅವರಿಗೆ ಅದನ್ನು ವಿವರಿಸುವಷ್ಟು ಸಾಮಗ್ರಿ ಇನ್ನೂ ನನ್ನ ಹಲಗೆಯ ಮೇಲೆ ಇರುವುದಿಲ್ಲ.

ಮೊನ್ನೆ ಹೈಡ್ರೋಜನ್ ಕ್ಲೋರೈಡನ್ನು ಬರೆದು ಮುಗಿಸಿದಾಗ ಒಬ್ಬ ಕೇಳಿದ, ‘ಬಂಧ ಮುರಿದರೆ ಯಾರ ಎಲೆಕ್ಟ್ರಾನ್ ಯಾರಿಗೆ ವಾಪಸ್ ಹೋಗುತ್ತೆ ಸರ್?’ ನೀರಿನಲ್ಲಿ ಕರಗಿದಾಗ ಎರಡನ್ನೂ ಕ್ಲೋರಿನ್ ಇಟ್ಟುಕೊಳ್ಳುತ್ತದೆ, ಹೈಡ್ರೋಜನ್ ಬರಿಗೈಯಲ್ಲಿ ಹೊರಡುತ್ತದೆ ಎಂದೆ. ಹಾಗಾದರೆ ಕ್ಲೋರಿನ್ ಅಣು ಬೆಳಕು ಬಿದ್ದು ಒಡೆದಾಗ? ಆಗ ಒಂದೊಂದು. ‘ಅವರವರದ್ದು ಅವರವರಿಗೆ?’ ಎಂದು ಬಿಡದೆ ಕೇಳಿದ.

ನಾನು ಈಗ ಎರಡು ಬಣ್ಣದ ಸೀಮೆಸುಣ್ಣ ಬಳಸುತ್ತೇನೆ. ಕ್ಲೋರಿನ್ ಅಣುವನ್ನು ಮತ್ತೆ ಬರೆದೆ, ಎಡಕ್ಕೆ ಏಳು ಹಸಿರು, ಬಲಕ್ಕೆ ಏಳು ಕೆಂಪು. ತರಗತಿಯೆಲ್ಲ ಸೇರಿ ಹದಿನಾಲ್ಕು ಎಣಿಸಿತು, ಎರಡೂ ಕಡೆ ಎಂಟೆಂಟು ಸುತ್ತುಹಾಕಿತು. ಆಮೇಲೆ ಚುಕ್ಕಿಗಳನ್ನೆಲ್ಲ ಅಂಗೈಯಿಂದ ಉಜ್ಜಿ, ಅವವೇ ಜಾಗಗಳಲ್ಲಿ ಬಿಳಿ ಚುಕ್ಕಿಗಳನ್ನಿಟ್ಟೆ. ಕೈಯೆಲ್ಲ ಹಸಿರು ಕೆಂಪು ಕಲೆಸಿ ಕಂದಾಗಿತ್ತು. ‘ಈಗ ಹೇಳು, ಒಡೆದಾಗ ಎಡಗಡೆಗೆ ಬಂದದ್ದು ಯಾರದ್ದು?’ ಎಂದೆ. ಅವನು ಹಲಗೆಯನ್ನೂ ನನ್ನ ಕೈಯನ್ನೂ ನೋಡಿದ. ಉತ್ತರ ಹೇಳಲಿಲ್ಲ.

ಮುಂದಿನ ಬೆಂಚಿನಿಂದ ಇನ್ನೊಬ್ಬಳು ಕೈ ಎತ್ತಿದಳು. ‘ಸರ್, ಪರೀಕ್ಷೆಲಿ ಹೇಗೆ ಬರೀಬೇಕು?’

ಚುಕ್ಕಿ ಮತ್ತು ಗುಣಾಕಾರ ಹಾಕಿಯೇ ಬರೆಯಮ್ಮ ಎಂದೆ.